ಒಂದು ಕೈ ಖಾಲಿ ಇರಬೇಕು

ಶಂಕ್ರಮ್ಮನವರ ಬಲಗೈ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಮುಗಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವರೂ ಹಾಗೆಯೇ ಮಾಡುತ್ತಿದ್ದರು. ಅಂಗಡಿಗೆ ಬಂದ ಹೊಸಬರು ಆ ಕಡೆ ನೋಡಬೇಕೋ ಬೇಡವೋ ಎಂದು ಒದ್ದಾಡುವುದು ಕಂಡರೆ ತಾವೇ ಸೆರಗು ಸರಿಸಿ ತೋರಿಸುತ್ತಿದ್ದರು. "ಗಿರಣಿ ಬೆಲ್ಟಿಗಿ ಹೋಗ್ಯಾದ್ರಿ. ನಿಮ್ಮ ಕೆಲಸ ಏನದ ಹೇಳ್ರಿ."

ಅವರು ಕಮಲಾಪುರದವರು. ತಂದೆ ದೌಲಪ್ಪನವರಿಗೆ ಊರ ಹೊರಗೆ ಎರಡು ಎಕರೆ ಕೆಂಪು ಬಾಳೆಯ ತೋಟವಿತ್ತು. 1983ರಲ್ಲಿ, ಶಂಕ್ರಮ್ಮ ಒಂಬತ್ತನೇ ತರಗತಿಯಲ್ಲಿದ್ದಾಗ, ಜೋಳ ಬೀಸಿಸಲು ಹಿಟ್ಟಿನ ಗಿರಣಿಗೆ ಹೋದರು. ಹೆಗಲ ಮೇಲಿನ ಓಢಣಿಯ ತುದಿ ಬೆಲ್ಟಿಗೆ ಸಿಕ್ಕಿತು. ಬಿಡಿಸಲು ಕೈ ಹಾಕಿದರು. ಕಲಬುರಗಿಯ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿ ಮನೆಗೆ ಬಂದಾಗ ಶಾಲೆ ಮುಗಿದ ಮಾತು ಎಂದು ಎಲ್ಲರೂ ತಿಳಿದಿದ್ದರು. ದೌಲಪ್ಪನವರು ಕೆಟ್ಟವರಲ್ಲ. ಮಗಳನ್ನು ಕೂರಿಸಿ ಸಾಕುತ್ತೇನೆ, ಯಾರ ಮನೆ ಬಾಗಿಲಿಗೂ ಕಳಿಸುವುದಿಲ್ಲ ಎಂದು ಹೇಳಿದ್ದರು. ಮಗಳಿಗೆ ಕೂರುವುದು ಬೇಕಿರಲಿಲ್ಲ. ಬಲಗೈಯಲ್ಲಿ ಬರೆದಿದ್ದ ಒಂಬತ್ತನೇ ತರಗತಿಯ ನೋಟುಬುಕ್ಕುಗಳನ್ನೆಲ್ಲ ಹೊರತೆಗೆದು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಡಗೈಯಲ್ಲಿ ಮತ್ತೆ ಬರೆದರು. ಗಣಿತದ ಪುಸ್ತಕ ಮುಗಿಯುವ ಹೊತ್ತಿಗೆ ಅಕ್ಷರ ಓದುವಂತಾಗಿತ್ತು. 1985ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದರು.

ಮರುವರ್ಷ ಕಲಬುರಗಿಯ ಶಹಾಬಜಾರದಲ್ಲಿದ್ದ ಸೋದರಮಾವ ಅಣವೀರಪ್ಪನವರ ಮನೆಗೆ ಬಂದರು. ಅದೇ ಓಣಿಯಲ್ಲಿ ಇಮಾಮುದ್ದೀನ್ ಮಾಸ್ತರರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಮಾಸ್ತರರು ಹುಡುಗಿಯನ್ನು ನೋಡಿ, ಇದು ಹತ್ತು ಬೆರಳಿನ ವಿದ್ಯೆ ತಾಯಿ, ನಿನ್ನ ದುಡ್ಡು ನಾನು ಹೇಗೆ ತೆಗೆದುಕೊಳ್ಳಲಿ ಎಂದರಂತೆ. ಶಂಕ್ರಮ್ಮ ಒಂದು ತಿಂಗಳ ಅವಕಾಶ ಕೇಳಿದರು. ಐದು ಬೆರಳಿಗೆ ಎಷ್ಟಾಗುತ್ತದೆ ನೋಡುತ್ತೇನೆ, ಆಗದಿದ್ದರೆ ನಾನೇ ಬಿಡುತ್ತೇನೆ ಎಂದರು. ಎಡಗೈಯನ್ನು ಕೀಲಿಮಣೆಯ ನಡುವೆ ಇಟ್ಟು ಎರಡೂ ಕಡೆಗೆ ಹರಿಸುವ ಒಂದು ಪದ್ಧತಿಯನ್ನು ಅವರೇ ಮಾಡಿಕೊಂಡರು. ಶಿಫ್ಟ್ ಕೀಲಿಗೆ ಮಾತ್ರ ಮೊಂಡುಗೈ. ಸಾಲು ಮುಗಿದಾಗ ಎಳೆಯುವ ಹಿಡಿಕೆ ಟೈಪ್‌ರೈಟರಿನ ಎಡಗಡೆಗೇ ಇರುತ್ತದೆ. ಯಂತ್ರ ಮಾಡಿದವನು ಅಷ್ಟಾದರೂ ತಮ್ಮ ಕಡೆಗಿದ್ದ ಎಂದು ಅವರು ಹೇಳುವುದಿತ್ತು.

ಪರೀಕ್ಷೆಯ ದಿನ ಮೇಲ್ವಿಚಾರಕರು ಅವರನ್ನು ಬಾಗಿಲಲ್ಲೇ ತಡೆದರು. ಒಂದು ಕೈಯವರಿಗೆ ಅವಕಾಶವಿಲ್ಲ, ನಿಯಮ ಹಾಗಿದೆ ಎಂದರು. ಈ ಪ್ರಸಂಗವನ್ನು ನನಗೆ ಹೇಳಿದವರು ಇಮಾಮುದ್ದೀನ್ ಮಾಸ್ತರರು; ಅಂದು ಅವರೂ ಹೊರಗೆ ನಿಂತಿದ್ದರು. ಶಂಕ್ರಮ್ಮ ಜಗಳ ಮಾಡಲಿಲ್ಲ, ಅಳಲಿಲ್ಲ. ನಿಯಮದ ಪುಸ್ತಕ ಕೇಳಿದರು. ಎರಡು ಹಾಳೆಯ ಅಚ್ಚಾದ ಸೂಚನೆ ಬಂತು. ಅದನ್ನು ನಿಂತಲ್ಲೇ ಪೂರ್ತಿ ಓದಿ ಹಿಂದಕ್ಕೆ ಕೊಟ್ಟರು.

"ಎಷ್ಟು ನಿಮಿಷ, ಎಷ್ಟು ತಪ್ಪು, ಎಲ್ಲಾ ಅದ ಸಾಹೇಬರ. ಎರಡು ಕೈ ಅಂತ ಎಲ್ಲಿ ಬರದದ ತೋರಸ್ರಿ."

ಮೇಲ್ವಿಚಾರಕರು ಹುಡುಕಿದರು. ಸಿಗಲಿಲ್ಲ. ಒಳಗೆ ಬಿಟ್ಟರು. ಆ ಸಲ ವೇಗ ಸಾಲದೆ ನಪಾಸಾಯಿತು. ಆರು ತಿಂಗಳ ನಂತರ, 1988ರಲ್ಲಿ, ಪಾಸಾದರು. ಅಂದಿನಿಂದ ಶಂಕ್ರಮ್ಮನವರಿಗೆ ಒಂದು ಅಭ್ಯಾಸ ಬಿತ್ತು. ಯಾರಾದರೂ 'ನಿಯಮ' ಎಂದರೆ ಮೊದಲು ಕಾಗದ ಕೇಳುತ್ತಿದ್ದರು.

ಹತ್ತು ವರ್ಷ ಕೋರ್ಟಿನ ಹತ್ತಿರ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದರು. ಮದುವೆಯ ಮಾತು ಎರಡು ಸಲ ಬಂದು, ನೋಡಲು ಬಂದವರು ಕೈಯನ್ನು ಬಿಟ್ಟು ಬೇರೇನನ್ನೂ ನೋಡದಿದ್ದಾಗ ಅವರೇ ಬೇಡವೆಂದರು. 1998ರಲ್ಲಿ ಶರಣಬಸವೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು ಇಟ್ಟುಕೊಂಡು ಡಿಟಿಪಿ ಅಂಗಡಿ ತೆರೆದರು. ಮದುವೆ ಪತ್ರಿಕೆ, ಕಾಲೇಜು ಮಕ್ಕಳ ಪ್ರಬಂಧ, ದೇವಸ್ಥಾನದ ದಾಸೋಹದ ಕರಪತ್ರ. ಕಾಗುಣಿತದ ತಪ್ಪು ಅವರಿಂದ ಆಗುತ್ತಿರಲಿಲ್ಲ. ಬೇರೆಯವರು ಬರೆದುಕೊಟ್ಟದ್ದರಲ್ಲಿ ಇದ್ದರೆ ಕರೆದು ಕೇಳುತ್ತಿದ್ದರು.

ಆಟ ಅವರ ಬಳಿಗೆ ಬಂದದ್ದು ಆ ಅಂಗಡಿಯ ಮೂಲಕವೇ.

ಶಹಾಬಜಾರದ ಮಕ್ಬೂಲ್ ಸರ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ಹೈದರಾಬಾದಿನ ಕೋಠಿಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ರಾಶಿಯಿಂದ ಅವರೊಂದು ದಪ್ಪ ಇಂಗ್ಲಿಷ್ ಪುಸ್ತಕ ತಂದಿದ್ದರು. ಪಟವಿಲ್ಲದ, ಮಣೆಯಿಲ್ಲದ ಆಟದ ಪುಸ್ತಕ. ಒಬ್ಬರು ಸೂತ್ರಧಾರರಾಗಿ ಕೂತು, ನೀವು ಗುಹೆಯ ಬಾಯಲ್ಲಿ ಇದ್ದೀರಿ, ಒಳಗಿನಿಂದ ಸದ್ದು ಬರುತ್ತಿದೆ, ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಉತ್ತರ ಹೇಳುತ್ತಾರೆ. ಕತ್ತಿ ತಾಗಿತೋ ಇಲ್ಲವೋ, ಮಂತ್ರ ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪುಸ್ತಕ ಕೇಳುವ ಇಪ್ಪತ್ತು ಮುಖದ ದಾಳ ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಹೌಸಿ ಆಟದ ಪ್ಲಾಸ್ಟಿಕ್ ಬಿಲ್ಲೆಗಳಲ್ಲಿ ಒಂದರಿಂದ ಇಪ್ಪತ್ತನ್ನು ಆರಿಸಿ ಚೀಲದಲ್ಲಿ ಹಾಕಿ ಎತ್ತುತ್ತಿದ್ದೆವು. ಪ್ರತಿ ಭಾನುವಾರ ಮಧ್ಯಾಹ್ನ ಸರ್ ಮನೆಯ ಪಡಸಾಲೆಯಲ್ಲಿ ಆಟ. ಆಡುವವರು ಸರ್ ಅವರ ಹೆಂಡತಿ ರೋಷನಬಿ ಮತ್ತು ನಾನು. ರೋಷನಬಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು. ನಾನು, ಕಾಶಿರಾಯ, ಕೋಟನೂರದಿಂದ ಸೈಕಲ್ ಮೇಲೆ ಬರುವ ವಿದ್ಯುತ್ ಕಚೇರಿಯ ಗುಮಾಸ್ತ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ರೋಷನಬಿಯವರದು ಅದಕ್ಕಿಂತ ಕಡಿಮೆ. ಅದಕ್ಕೇ ಸರ್ ಇಡೀ ಪುಸ್ತಕವನ್ನು ಕನ್ನಡಕ್ಕೆ ತಂದು, 2001ರ ಬೇಸಿಗೆಯಲ್ಲಿ ಕೈಬರಹದ ಕಟ್ಟನ್ನು ಶಂಕ್ರಮ್ಮನವರಿಗೆ ಟೈಪಿಗೆ ಕೊಟ್ಟರು. ಎರಡು ವಾರದ ನಂತರ ಅಚ್ಚು ತರಲು ನಾನೇ ಹೋದೆ. ಅಂಚಿನಲ್ಲಿ ಪೆನ್ಸಿಲಿನಿಂದ ಹದಿನೇಳು ಪ್ರಶ್ನೆಗಳಿದ್ದವು. ಹದಿಮೂರು ಒಂದೇ ಅಧ್ಯಾಯದವು: 'ಆಯುಧಧಾರಿಗಳು ಮಂತ್ರ ಹೇಳುವ ಬಗೆ.'

ಆ ಅಧ್ಯಾಯ ಹೇಳುವುದು ಇಷ್ಟು. ಮಂತ್ರಕ್ಕೆ ಮೂರು ಬೇಕು: ಬಾಯಿಯ ಮಾತು, ಕೈಯ ಮುದ್ರೆ, ಚಿಟಿಕೆ ದ್ರವ್ಯ. ದ್ರವ್ಯವೆಂದರೆ ಬೂದಿ, ಗಂಧಕ, ಕಬ್ಬಿಣದ ಪುಡಿ ಇಂಥದ್ದು. ಮುದ್ರೆಗೆ ಒಂದು ಕೈ ಖಾಲಿ ಇರಬೇಕು. ಕತ್ತಿ ಒಂದು ಕೈಯಲ್ಲಿ, ಗುರಾಣಿ, ಅಂದರೆ ನಮ್ಮ ಕಡೆಯ ಢಾಲು, ಇನ್ನೊಂದರಲ್ಲಿ ಇದ್ದರೆ ಮಂತ್ರವಿಲ್ಲ. ದ್ರವ್ಯ ಹಿಡಿದ ಕೈಯಿಂದಲೇ ಮುದ್ರೆ ಮಾಡಬಹುದು. ಎರಡು ಕೈಯ ದೊಡ್ಡ ಕತ್ತಿಯಾದರೆ, ಮಂತ್ರದ ಹೊತ್ತಿಗೆ ಒಂದು ಕೈ ಬಿಟ್ಟು ಮತ್ತೆ ಹಿಡಿಯಬಹುದು. ಆಯುಧ ಕೆಳಗೆ ಬಿಡಲು ಹೊತ್ತು ಹಿಡಿಯುವುದಿಲ್ಲ. ಎತ್ತಿಕೊಳ್ಳಲು ಒಂದು ಸರದಿ ಹೋಗುತ್ತದೆ.

ಇದರ ಪಕ್ಕದಲ್ಲಿ ಶಂಕ್ರಮ್ಮ ಬರೆದಿದ್ದರು: 'ಒಂದು ಕೈ ಖಾಲಿ ಎಂದರೆ ಇನ್ನೊಂದು ಕೈ ಇದೆಯೆಂದು ಅರ್ಥವೇ? ಇರುವುದೇ ಒಂದಾದರೆ?'

ಸರ್ ಅದನ್ನು ಎರಡು ಸಲ ಓದಿದರು. ನಾನು ಈ ಪುಸ್ತಕ ಐದು ವರ್ಷದಿಂದ ಓದುತ್ತಿದ್ದೇನೆ, ಇದು ಹೊಳೆದಿರಲಿಲ್ಲ ಎಂದರು. ಮರುದಿನ ಅಂಗಡಿಗೆ ಹೋಗಿ ಭಾನುವಾರ ಬನ್ನಿ ಎಂದು ಕರೆದರು. ಶಂಕ್ರಮ್ಮನವರಿಗೆ ಆಗ ಮೂವತ್ನಾಲ್ಕು ವರ್ಷ. ಆಟ ಎಂದು ಯಾರಾದರೂ ಕರೆದು ಎಷ್ಟು ಕಾಲವಾಗಿತ್ತೋ ಗೊತ್ತಿಲ್ಲ. ಬಂದರು. ರೋಷನಬಿ ಕೊಟ್ಟ ಚಹಾ ಕುಡಿದು, ಪಾತ್ರ ಬರೆಯುವ ಹಾಳೆ ಮುಂದೆ ಎಳೆದುಕೊಂಡರು. ಹೆಸರು ನೀಲವ್ವ. ಕತ್ತಿ ಹಿಡಿಯುವವಳು, ಮಂತ್ರ ಬಲ್ಲವಳು. ಬಲಗೈ ಇಲ್ಲ.

ಸರ್ ಮೆಲ್ಲಗೆ, ಆಟದಲ್ಲಾದರೂ ಎರಡು ಕೈ ಇಟ್ಟುಕೊಳ್ಳಿ, ಇಲ್ಲಿ ಯಾರಿಗೆ ಏನು ಬೇಕೋ ಅದಾಗಬಹುದು ಎಂದರು.

"ಎರಡು ಕೈ ಇದ್ದವರು ಹ್ಯಾಂಗ ಕೆಲಸ ಮಾಡ್ತಾರ ಅನ್ನೂದು ನನಗ ಮರತ ಹೋಗ್ಯಾದ್ರಿ ಸರ್" ಎಂದರು ಶಂಕ್ರಮ್ಮ. "ಗೊತ್ತಿಲ್ಲದ್ದು ಹ್ಯಾಂಗ ಆಡ್ಲಿ?"

ಆಗ ನಾನು ಬಾಯಿ ಹಾಕಿದೆ. ಇದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಅಕ್ಕನವರಿಗೆ ಈ ನಿಯಮ ಸಡಿಲಿಸೋಣ, ಕತ್ತಿ ಹಿಡಿದುಕೊಂಡೇ ಮಂತ್ರ ಹೇಳಲಿ, ಪಾಪ, ಯಾರಿಗೇನು ನಷ್ಟ ಎಂದೆ. ಅವರು ನನ್ನ ಹಾಳೆಯನ್ನು ತಿರುಗಿಸಿ ನೋಡಿದರು. ನನ್ನ ವೀರನ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಢಾಲು.

"ನಿಮ್ಮಾಂವಗೂ ಖಾಲಿ ಕೈ ಇಲ್ಲಲ್ರಿ ಕಾಶಿರಾಯ್ರ. ಸಡಿಲ ಕೊಡೂದಿದ್ರ ಇಬ್ಬರಿಗೂ ಕೊಡ್ರಿ. ಇಲ್ಲಂದ್ರ ಇಬ್ಬರಿಗೂ ಬ್ಯಾಡ."

ಇಬ್ಬರಿಗೂ ಬೇಡವೆಂದಾಯಿತು.

ಮೊದಲ ವಾರಗಳು ನೀಲವ್ವನಿಗೆ ಕಷ್ಟದವು. ಮಂತ್ರ ಹೇಳಬೇಕೆಂದರೆ ಕತ್ತಿ ನೆಲಕ್ಕೆ. ಹೇಳಿ ಮುಗಿಸಿ ಬಗ್ಗಿ ಎತ್ತಿಕೊಳ್ಳುವ ಸರದಿಯಲ್ಲಿ ಎದುರಾಳಿಯ ಏಟು ಬೆನ್ನಿಗೆ. ಮೂರನೆಯ ಭಾನುವಾರ ಕಲ್ಲುಗಣಿಯೊಳಗೆ ಕತ್ತಿ ಎತ್ತಿಕೊಳ್ಳುವಾಗಲೇ ಸತ್ತಳು. ಸರ್ ಅವರ ಮುಖ ನನ್ನ ಮುಖಕ್ಕಿಂತ ಬಾಡಿತ್ತು. ಶಂಕ್ರಮ್ಮ ಹೊಸ ಹಾಳೆ ತೆಗೆದು 'ನೀಲವ್ವನ ತಂಗಿ ಗೌರವ್ವ' ಎಂದು ಬರೆದರು. ಬಲಗೈ ಇಲ್ಲ ಎಂಬ ಸಾಲು ಅಲ್ಲೂ ಇತ್ತು. ಒಂದೇ ಮನೆಯಲ್ಲಿ ಇಬ್ಬರಿಗೂ ಹೀಗೆ ಹೇಗಾಯಿತು ಎಂದು ರೋಷನಬಿ ಕೇಳಿದರೆ, ಗಿರಣಿ ಅದೇ ಅಲ್ಲವೇ ಎಂದರು. ನಗಬಹುದೋ ಇಲ್ಲವೋ ಎಂದು ನಾವು ಕಾಯುತ್ತಿರುವಾಗ ಅವರೇ ಮೊದಲು ನಕ್ಕರು.

ಮುಂದಿನ ವಾರ ಅವರು ಯೋಚಿಸಿಕೊಂಡೇ ಬಂದಿದ್ದರು. ಮೊದಲನೆಯದು ಢಾಲಿನ ಮಾತು. ಢಾಲು ಕೈಯನ್ನು ತುಂಬುತ್ತದೆ ಎಂದು ಪುಸ್ತಕ ಹೇಳುವುದೇಕೆ? ಒಳಗಿನ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯಬೇಕಾಗಿರುವುದರಿಂದ. ಆದರೆ ಸಲಕರಣೆಗಳ ಪಟ್ಟಿಯಲ್ಲಿ ತೊಗಲಿನ ಪಟ್ಟಿಯಿಂದ ತೋಳಿಗೆ ಬಿಗಿಯುವ ಸಣ್ಣ ಢಾಲೂ ಇದೆ. ಗೌರವ್ವನ ಬಲತೋಳು ಮೊಣಕೈ ದಾಟಿ ನಾಲ್ಕು ಬೆರಳು ಇದೆ. ಅಲ್ಲಿ ಬಿಗಿದರೆ ಯಾವ ಕೈಯೂ ತುಂಬುವುದಿಲ್ಲ. ಸರ್ ಪಟ್ಟಿ ತೆರೆದು ನೋಡಿ ಒಪ್ಪಿದರು. ಎರಡು ಕೈಯಿದ್ದ ನನ್ನ ವೀರ ಇದನ್ನು ಯಾವಾಗಲೋ ಮಾಡಬಹುದಿತ್ತು. ಅವನಿಗೂ ನನಗೂ ತಿಳಿದಿರಲಿಲ್ಲ.

ಎರಡನೆಯದು ಕತ್ತಿ. ಶಂಕ್ರಮ್ಮನವರ ಅಂಗಡಿಯಲ್ಲಿ ಕತ್ತರಿಗೆ ಒಂದು ಲಾಡಿ ಕಟ್ಟಿ ಅದರ ಕುಣಿಕೆಯನ್ನು ಮಣಿಕಟ್ಟಿಗೆ ಹಾಕಿಕೊಳ್ಳುವ ರೂಢಿ ಇತ್ತು. ಕಾಗದ ಕತ್ತರಿಸಿ ಬಿಟ್ಟರೆ ಕತ್ತರಿ ಜೋತಾಡುತ್ತದೆ, ಕೈ ಬೇರೆ ಕೆಲಸಕ್ಕೆ ಸಿಗುತ್ತದೆ, ಬೇಕೆಂದಾಗ ಮೇಲಕ್ಕೆ ಝಾಡಿಸಿ ಹಿಡಿಯುವುದು. ಗೌರವ್ವನ ಕತ್ತಿಗೂ ಹಾಗೇ ಕಟ್ಟಿದರೆ ಅದು ನೆಲಕ್ಕೆ ಬೀಳುವುದಿಲ್ಲ. ನೆಲಕ್ಕೆ ಬೀಳದ್ದನ್ನು ಎತ್ತಿಕೊಳ್ಳಲು ಸರದಿ ಏಕೆ ಹೋಗಬೇಕು?

ಸರ್ ಮತ್ತೆ ಒಪ್ಪುವವರೇ. ತಡೆದವರು ರೋಷನಬಿ. ಸೂಜಿ ಹಿಡಿಯುವ ಕೈ ಅವರದು. ಮಣಿಕಟ್ಟಿಗೆ ಭಾರ ಜೋತುಬಿದ್ದರೆ ಬೆರಳು ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಒಳಗೆ ಹೋಗಿ ಕಟ್ಟಿಗೆಯ ಸೌಟು ತಂದರು, ಲಾಡಿ ತಂದರು, ಸ್ಲೇಟು ಪಾಟಿಯ ಮೇಲೆ ಬಟ್ಟೆ ಗುರುತಿಸುವ ಸೀಮೆಸುಣ್ಣದಿಂದ ಎಂಟು ಚುಕ್ಕಿ ಸೇರಿಸುವ ಕಸೂತಿಯ ಒಂದು ಬಳ್ಳಿ ಬರೆದರು.

"ಇದು ಮುದ್ರೆ ಅಂತ ತಿಳ್ಕೊ ಶಂಕ್ರಮ್ಮ. ಸೌಟು ಕಟ್ಕೊಂಡು ಇದರ ಮ್ಯಾಲ ಹಾಂಗೇ ಕೈ ಆಡಸು. ಹತ್ತು ಎಣಸೂದ್ರಾಗ. ಗೆರಿ ತಪ್ಪಬಾರ್ದು."

ಶಂಕ್ರಮ್ಮ ಕಟ್ಟಿಕೊಂಡು ಪ್ರಯತ್ನಿಸಿದರು. ಸೌಟು ಪಾಟಿಗೆ ಬಡಿಯಿತು, ಗೆರೆ ಅಳಿಸಿತು. ಮತ್ತೆ ಮಾಡಿದರು. ಐದು ಸಲವೂ ತಪ್ಪಿತು. ಹೋಗಲಿ ಬಿಡಿ, ಒಪ್ಪೋಣ ಎನ್ನುವ ಮಾತನ್ನು ನಾನು ಆಡಲಿಲ್ಲ, ಅಷ್ಟು ಕಲಿತಿದ್ದೆ. ಅವರು ಲಾಡಿ ಬಿಚ್ಚಿ, "ಭಾಭಿ ಹೇಳೂದು ಖರೆ ಅದ" ಎಂದು ಆ ದಿನ ಗೌರವ್ವನನ್ನು ಲಾಡಿಯಿಲ್ಲದೆಯೇ ಆಡಿಸಿದರು. ಸೌಟನ್ನು ಮಾತ್ರ ಕೇಳಿ ತೆಗೆದುಕೊಂಡು ಹೋದರು.

ಆ ತಿಂಗಳು ಅಂಗಡಿಗೆ ಹೋದವರೆಲ್ಲ ನೋಡಿದ್ದಾರೆ. ಮಣಿಕಟ್ಟಿನಿಂದ ಸೌಟು ಜೋತಾಡುತ್ತಿರುವಂತೆಯೇ ಅವರು ಟೈಪು ಮಾಡುತ್ತಿದ್ದರು. ಮೊದಮೊದಲು ಸಾಲಿಗೆ ಹತ್ತು ತಪ್ಪು. ಲಾಡಿಯನ್ನು ಗಿಡ್ಡ ಮಾಡಿದರು, ಉದ್ದ ಮಾಡಿದರು. ಕೊನೆಗೆ ಮೊಣಕೈಯವರೆಗೆ ಎರಡು ಸುತ್ತು ಸುತ್ತಿ, ಸೌಟಿನ ಹಿಡಿ ಮುಂಗೈಯ ಹೊರಮಗ್ಗುಲಿಗೆ ಒರಗುವಂತೆ ಮಾಡಿದಾಗ ಜೋತಾಟ ನಿಂತಿತು. ಅಲ್ಲಿಂದ ನಾಲ್ಕನೆಯ ಭಾನುವಾರ ರೋಷನಬಿ ಹೊಸ ಬಳ್ಳಿ ಬರೆದರು, ಈ ಸಲ ಹನ್ನೆರಡು ಚುಕ್ಕಿಯದು. ಶಂಕ್ರಮ್ಮ ಎಂಟು ಎಣಿಸುವುದರಲ್ಲಿ ಮುಗಿಸಿದರು. ನಂತರ ಸೌಟನ್ನು ಝಾಡಿಸಿ ಮುಷ್ಟಿಗೆ ತಂದುಕೊಂಡರು. ಸರ್ ಗಡಿಯಾರ ನೋಡುತ್ತಿದ್ದರು. ಒಂದು ಉಸಿರಿನಷ್ಟೂ ಹೊತ್ತಾಗಿರಲಿಲ್ಲ.

ಅಂದೇ ನಮ್ಮ ಮನೆಯ ನಿಯಮ ಬರೆದಾಯಿತು. ಲಾಡಿ ಕಟ್ಟಿದ ಆಯುಧವಿದ್ದರೂ ಆ ಕೈಯಿಂದ ಮುದ್ರೆ ಸಾಧ್ಯ. ಆದರೆ ಅದಕ್ಕೆ ಅಭ್ಯಾಸ ಬೇಕು, ಪಾತ್ರ ಒಂದು ತಿಂಗಳು ಕಲಿತಿರಬೇಕು. ಬಿಲ್ಲೆ ಎಂಟಕ್ಕಿಂತ ಕಡಿಮೆ ಬಂದರೆ ಮುದ್ರೆ ಕೆಡುತ್ತದೆ. ಕೊನೆಯ ಷರತ್ತನ್ನು ಸೇರಿಸಿದವರು ಶಂಕ್ರಮ್ಮನವರೇ. ತಮಗೂ ಹತ್ತರಲ್ಲಿ ಮೂರು ಸಲ ತಪ್ಪುತ್ತಿತ್ತು ಎಂದರು.

2003ರ ಜನವರಿಯಲ್ಲಿ ಊರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಉತ್ಸವದಲ್ಲಿ ಈ ಆಟದ ಸ್ಪರ್ಧೆ ಇಟ್ಟರು. ನಮ್ಮ ಹೊರತು ಇದನ್ನು ಆಡುವವರು ಇದ್ದಾರೆಂದು ನಮಗೆ ತಿಳಿದದ್ದೇ ಆಗ. ಸೂತ್ರಧಾರನಾಗಿ ಹೈದರಾಬಾದಿನಿಂದ ಫಕ್ರುದ್ದೀನ್ ಎಂಬ ತರುಣ ಬಂದಿದ್ದ. ಸರ್ ನೋಡಲು ಕೂತರು. ಆಡಿದವರು ರೋಷನಬಿ, ಶಂಕ್ರಮ್ಮ, ನಾನು. ಇಪ್ಪತ್ತರ ಹುಡುಗರ ನಡುವೆ ಸೀರೆಯುಟ್ಟ ಇಬ್ಬರು ಹೆಂಗಸರು. ಸುತ್ತಲಿನವರು ಮೊದಲು ನೋಡಿದರು, ಆಮೇಲೆ ಮರೆತರು.

ಫಕ್ರುದ್ದೀನ್ ಗೌರವ್ವನ ಹಾಳೆ ಓದಿ ಹಣೆ ಗಂಟಿಕ್ಕಿದ. ದಖನಿ ಉರ್ದು ಬೆರೆಸಿ, ಅಕ್ಕ ಎನ್ನುವ ಮರ್ಯಾದೆಯಿಂದಲೇ ಮಾತಾಡಿದ: ಒಂದು ಕೈಯ ಪಾತ್ರ ಪುಸ್ತಕದಲ್ಲಿಲ್ಲವಲ್ಲ ಆಪಾ. ಇರಬಾರದು ಎಂದು ಯಾವ ಪುಟದಲ್ಲಿದೆ ಎಂದು ಶಂಕ್ರಮ್ಮ ಕೇಳಿದರು. ಅವನು ಪುಟ ತಿರುವಿದ. ಪ್ರತಿ ಸಾಲನ್ನೂ ಟೈಪು ಮಾಡಿದ್ದ ಅವರು ಯಾವ ಅಧ್ಯಾಯದಲ್ಲಿ ಏನಿದೆ ಎಂದು ಬಾಯಲ್ಲೇ ಹೇಳುತ್ತ ಹೋದರು. ಪಾತ್ರವನ್ನು ಒಪ್ಪಿದ. ತೋಳಿಗೆ ಬಿಗಿದ ಢಾಲನ್ನೂ ಒಪ್ಪಿದ, ಪಟ್ಟಿಯಲ್ಲಿತ್ತಲ್ಲ. ಲಾಡಿಯನ್ನು ಒಪ್ಪಲಿಲ್ಲ. ಅದು ಪಟ್ಟಿಯಲ್ಲಿ ಇರಲಿಲ್ಲ. ನಾವು ಮನೆಯಲ್ಲಿ ಮಾಡಿಕೊಂಡದ್ದು. ರೋಷನಬಿ ವಾದಕ್ಕಿಳಿಯುವವರಿದ್ದರು. ಶಂಕ್ರಮ್ಮ ಅವರ ಮೊಣಕೈ ಮುಟ್ಟಿ ತಡೆದರು. ಬರೆದಿಲ್ಲ ಎಂದ ಮೇಲೆ ಬರೆದಿಲ್ಲ. ಪೆನ್ಸಿಲಿನಿಂದ 'ಲಾಡಿ' ಎಂಬ ಪದವನ್ನು ತಾವೇ ಹೊಡೆದುಹಾಕಿದರು.

ಮೂರು ತಾಸಿನ ಆಟ. ಕೊನೆಯ ಕೋಣೆ ಒಂದು ಮೆಟ್ಟಿಲುಬಾವಿಯ ತಳದಲ್ಲಿತ್ತು. ನೀರು ಏರುತ್ತಿದೆ, ಸೊಂಟದವರೆಗೆ ಬಂದಿದೆ. ಬಾಗಿಲಿಗೆ ಕಲ್ಲಿನ ಕಾವಲುಗಾರ ಅಡ್ಡ ನಿಂತಿದ್ದಾನೆ. ನೀರು ನಿಲ್ಲಿಸುವ ಮಂತ್ರ ಗೌರವ್ವನಿಗೆ ಗೊತ್ತು. ಕೈಯಲ್ಲಿ ಕತ್ತಿ ಇದೆ. ಒರೆಗೆ ಹಾಕಲು ಒಂದು ಸರದಿ ಬೇಕು, ಅಷ್ಟರಲ್ಲಿ ಮೂವರೂ ಮುಳುಗುತ್ತೇವೆ. ಬಿಟ್ಟರೆ ಕತ್ತಿ ನೀರಿನ ತಳಕ್ಕೆ, ಮತ್ತೆ ಸಿಗುವುದಿಲ್ಲ. ಮತ್ತು ಕಾವಲುಗಾರನನ್ನು ಕಡಿಯಬಲ್ಲ ಕತ್ತಿ ಅದೊಂದೇ. ರೋಷನಬಿಯವರ ಬಿಲ್ಲುಗಾರ್ತಿ ಮೇಲಿನ ಮೆಟ್ಟಿಲಲ್ಲಿ ಗಾಯಗೊಂಡು ಬಿದ್ದಿದ್ದಾಳೆ. ಪಕ್ಕದಲ್ಲಿ ನನ್ನ ವೀರ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಳೆಯ ದೊಡ್ಡ ಢಾಲು; ಕಾವಲುಗಾರನನ್ನು ಗೌರವ್ವನಿಂದ ದೂರ ತಡೆದಿರುವುದು ಆ ಕತ್ತಿಯೇ.

ಫಕ್ರುದ್ದೀನ್ ಎಣಿಸತೊಡಗಿದ. ಶಂಕ್ರಮ್ಮ ನನ್ನ ಕಡೆ ತಿರುಗಿದರು.

"ಢಾಲು ಬಿಡ್ರಿ ಕಾಶಿರಾಯ್ರ. ನನ್ನ ಕತ್ತಿ ಹಿಡೀರಿ."

ಢಾಲು ಬಿಟ್ಟರೆ ಕಾವಲುಗಾರನ ಮುಂದಿನ ಏಟು ನನ್ನವನಿಗೆ ತಪ್ಪುವುದಿಲ್ಲ. ಎರಡು ವರ್ಷ ಪ್ರತಿ ಭಾನುವಾರ ಅವನನ್ನು ನಡೆಸಿಕೊಂಡು ಬಂದಿದ್ದೆ. ಹಾಸ್ಯವೆನಿಸಬಹುದು, ಅವನ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಬೇರೆ ದಾರಿ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಢಾಲು ಬಿಟ್ಟೆ, ಅವಳ ಕತ್ತಿಗೆ ಕೈಚಾಚಿದೆ ಎಂದೆ.

ಶಂಕ್ರಮ್ಮ ಚೀಲಕ್ಕೆ ಕೈ ಹಾಕಿ ಬಿಲ್ಲೆ ಎತ್ತಿದರು. ಹತ್ತು ಬೇಕಿತ್ತು, ಹನ್ನೊಂದು ಬಂತು. ನೀರು ನಿಂತಿತು. ಕಾವಲುಗಾರನಿಗೆ ಹದಿನೇಳು ಬಂತು. ನನ್ನ ವೀರ ಕತ್ತಿ ಬಿಡದೆ ಮೆಟ್ಟಿಲ ಮೇಲೆಯೇ ಬಿದ್ದ. ಮುಂದಿನ ಸರದಿಯಲ್ಲಿ ಗೌರವ್ವ ಅವನ ಕೈಯಿಂದ ತನ್ನ ಕತ್ತಿ ತೆಗೆದುಕೊಂಡು ಕೆಲಸ ಮುಗಿಸಿದಳು. ಸ್ಪರ್ಧೆಗೆ ಹೈದರಾಬಾದಿನಿಂದ ಬಂದಿದ್ದ ಹುಡುಗರ ತಂಡದವರು ನಮಗಿಂತ ಬೇಗ ಹೊರಬಂದಿದ್ದರು, ಮೂವರೂ ಜೀವಂತ. ನಮಗೆ ಎರಡನೆಯ ಸ್ಥಾನ.

ಕಾಲೇಜಿನ ಗೇಟಿನಲ್ಲಿ ಆಟೋ ಕಾಯುವಾಗ ಶಂಕ್ರಮ್ಮ ಕೇಳಿದರು, "ನನ್ನ ಮ್ಯಾಲ ಕನಿಕರ ಬಂದು ಢಾಲು ಬಿಟ್ರೇನು?"

"ಇಲ್ಲಕ್ಕಾರ. ಬ್ಯಾರೆ ದಾರೀನೇ ಇರ್ಲಿಲ್ಲ" ಎಂದೆ. ಅದು ನಿಜವೇ ಆಗಿತ್ತು.

"ಹಾಂಗಿದ್ರ ಛಲೋ ಆತು" ಎಂದರು.

ಲಾಡಿ ಪಟ್ಟಿಯಲ್ಲಿಲ್ಲ ಎಂಬುದು ಮಾತ್ರ ಅವರನ್ನು ಕೊರೆಯಿತು. ಪುಸ್ತಕದಲ್ಲಿಲ್ಲದಿದ್ದರೆ ಇರುವಂಥ ಪುಸ್ತಕ ಮಾಡಬೇಕು. ಅನುವಾದ ಬಿಟ್ಟು, ನಮ್ಮದೇ ಒಂದು ಆಟವನ್ನು ಬರೆಯೋಣ ಎಂದು ಸರ್ ಅವರನ್ನು ಹಿಡಿದು ಕೂರಿಸಿದರು. ಒಂದೂವರೆ ವರ್ಷ ಹಿಡಿಯಿತು. ಗುಹೆ, ಕಾಡುಗಳ ಬದಲು ಗಣಿ, ಕೋಟೆ, ಮೆಟ್ಟಿಲುಬಾವಿ ಬಂದವು. ಕೈಗಳ ಅಧ್ಯಾಯವನ್ನು ಶಂಕ್ರಮ್ಮನವರೇ ಬರೆದರು: ಯಾವ ಆಯುಧ ಎಷ್ಟು ಕೈ ತುಂಬುತ್ತದೆ, ಯಾವ ಮುದ್ರೆಗೆ ಎಷ್ಟು ಬೆರಳು ಸಾಕು, ಕೈಯಿಲ್ಲದವರು, ಬೆರಳಿಲ್ಲದವರು, ಕೋಲೂರಿ ನಡೆಯುವವರು ಏನು ಮಾಡಬಹುದು, ಅದಕ್ಕೆ ಏನು ತೆರಬೇಕು. ಪ್ರತಿಯೊಂದನ್ನೂ ರೋಷನಬಿ ಪಡಸಾಲೆಯಲ್ಲಿ ಸೌಟು, ಲಟ್ಟಣಿಗೆ, ತಟ್ಟೆ ಇಟ್ಟು ಮಾಡಿಸಿ ನೋಡಿದ ಮೇಲೆಯೇ ಟೈಪಾಗುತ್ತಿತ್ತು. 2004ರ ಕೊನೆಗೆ ನಲವತ್ತೆಂಟು ಪುಟದ ಪುಸ್ತಿಕೆ ಬಂತು. ಇನ್ನೂರು ಪ್ರತಿ. ಒಂದನ್ನು ಫಕ್ರುದ್ದೀನನಿಗೆ ಅಂಚೆಯಲ್ಲಿ ಕಳಿಸಿದರು. ಅವನು ಇನ್ನೂ ಐದು ಕೇಳಿ ಪತ್ರ ಬರೆದ.

2006ರಿಂದ ಶನಿವಾರಗಳಂದು ಶಂಕ್ರಮ್ಮ ಹುಮನಾಬಾದ ರಸ್ತೆಯ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗಿ, ಅಲ್ಲಿನ ಶಾಲೆಯೊಂದರ ಹುಡುಗಿಯರಿಗೆ ಆಟ ಕಲಿಸತೊಡಗಿದರು. ದೌಲಪ್ಪನವರಿಗೆ ಮೊದಲು ಇದು ತಿಳಿಯಲಿಲ್ಲ. ನಲವತ್ತರ ಹತ್ತಿರದ ಮಗಳು ಮಕ್ಕಳೊಂದಿಗೆ ಕತ್ತಿ, ಮಂತ್ರ ಎನ್ನುತ್ತ ಕೂರುವುದೇನು? ಒಂದು ಶನಿವಾರ ತೋಟದಿಂದ ಬಾಳೆಗೊನೆ ಹೊರಿಸಿಕೊಂಡು ಶಾಲೆಗೆ ಬಂದು, ಹಣ್ಣು ಹಂಚಿ, ಹಿಂದೆ ಗೋಡೆಗೊರಗಿ ಕೂತರಂತೆ. ಹುಡುಗಿಯರು ಕೋಟೆಯ ಬಾಗಿಲು ಒಡೆಯಲು ಸಂಜೆಯವರೆಗೆ ಗುದ್ದಾಡಿದರು. ಮನೆಗೆ ನಡೆಯುವಾಗ ದೌಲಪ್ಪನವರು, ಬಾಗಿಲಿಗೆ ಎಣ್ಣೆ ಹಾಕಿ ಬೆಂಕಿ ಹಚ್ಚುವುದು ಯಾರಿಗೂ ಹೊಳೆಯಲಿಲ್ಲವೇ ಎಂದು ಕೇಳಿದರು. ಮುಂದಿನ ಶನಿವಾರವೂ ಬಂದರು.

ಆ ಗುಂಪಿನಲ್ಲಿ ಭೀಮಬಾಯಿ ಎಂಬ ಒಂಬತ್ತನೇ ತರಗತಿಯ ಹುಡುಗಿ ಇದ್ದಳು. ಕಿವಿ ಕೇಳುತ್ತಿತ್ತು, ಮಾತು ಹುಟ್ಟಿನಿಂದ ಇರಲಿಲ್ಲ. ಅವಳು ಮಂತ್ರಗಾರ್ತಿಯಾಗಬೇಕೆಂದು ಹಾಳೆಯಲ್ಲಿ ಬರೆದಳು. ಮಂತ್ರಕ್ಕೆ ಬಾಯಿಯ ಮಾತು ಬೇಕು ಎಂದು ಉಳಿದವರು ಪುಸ್ತಿಕೆ ತೆರೆದು ತೋರಿಸಿದರು. ಅದನ್ನು ಬರೆದವರು ಶಂಕ್ರಮ್ಮನವರೇ. ಕೈಗಳ ಬಗ್ಗೆ ಒಂಬತ್ತು ಪುಟ ಬರೆದವರು ದನಿಯ ಬಗ್ಗೆ ಒಂದು ಸಾಲು ಬರೆದು ಮುಂದೆ ಹೋಗಿದ್ದರು. ಬಿಲ್ಲುಗಾರ್ತಿಯಾಗಲಿ ಬಿಡಿ ಎಂದು ಶಾಲೆಯ ಶಿಕ್ಷಕಿ ಸಲಹೆ ಕೊಟ್ಟರು. ಭೀಮಬಾಯಿ ಪಾಟಿಯ ಮೇಲೆ ಒಂದು ಪ್ರಶ್ನೆ ಬರೆದು ಶಂಕ್ರಮ್ಮನವರ ಮುಂದೆ ಹಿಡಿದಳು: 'ಮಂತ್ರ ಯಾರು ಕೇಳಿಸಿಕೊಳ್ಳುತ್ತಾರೆ?'

ಶಂಕ್ರಮ್ಮ ಪ್ರಶ್ನೆಯನ್ನು ಪುಸ್ತಿಕೆಯ ಅಂಚಿನಲ್ಲಿ ಬರೆದುಕೊಂಡರು. ಒಂದು ವಾರ ಕೊಡು ಎಂದರು.

ಆ ಭಾನುವಾರ ಸರ್ ಮನೆಯಲ್ಲಿ ನಾವು ಬಿಲ್ಲೆ ಮುಟ್ಟಲೇ ಇಲ್ಲ. ಸರ್ ತಕ್ಷಣ ಒಂದು ಸಡಿಲಿಕೆ ಸೂಚಿಸಿದರು, ಶಂಕ್ರಮ್ಮ ಒಪ್ಪಲಿಲ್ಲ. ಬೆಲೆ ಕೊಡದೆ ಸಿಕ್ಕಿದ್ದನ್ನು ಆ ಹುಡುಗಿ ತೆಗೆದುಕೊಳ್ಳುವುದಿಲ್ಲ, ಅವಳ ಮುಖ ನೀವು ನೋಡಿಲ್ಲ ಎಂದರು. ಕೊನೆಗೆ ಹೀಗಾಯಿತು: ಮಾತಿಲ್ಲದವರು ಮಾತಿನ ಭಾಗವನ್ನೂ ಕೈಯಿಂದಲೇ ಹೇಳಬಹುದು, ಆದರೆ ಆಗ ಎರಡೂ ಕೈ ಖಾಲಿ ಇರಬೇಕು. ಕತ್ತಿಯಿಲ್ಲ, ಢಾಲಿಲ್ಲ, ಬಿಗಿದದ್ದೂ ಇಲ್ಲ. ಹಾಗೆ ಹೇಳಿದ ಮಂತ್ರ ಶತ್ರುವಿಗೆ ಕೇಳಿಸುವುದಿಲ್ಲ. ಅಂಥ ಮಂತ್ರ ನನ್ನಿಂದ ಆಗುವುದಿಲ್ಲವಲ್ಲ ಎಂದು ಶಂಕ್ರಮ್ಮ ಸುಮ್ಮನೆ ಒಂದು ಮಾತು ಹೇಳಿ, ನಿಯಮವನ್ನು ಹಾಗೆಯೇ ಟೈಪು ಮಾಡಿದರು.

ಭೀಮಬಾಯಿ ಅದನ್ನು ಓದಿ, ಬೆಲೆಯನ್ನು ತೂಗಿ ನೋಡಿ, ಒಪ್ಪಿದಳಂತೆ. ಅವಳ ಮಂತ್ರಗಾರ್ತಿ ಬರಿಗೈಯಲ್ಲಿ ಗುಂಪಿನ ಮುಂದೆ ನಡೆಯತೊಡಗಿದಳು. ಹಿಂದಿನವರು ಅವಳ ಎರಡೂ ಪಕ್ಕಕ್ಕೆ ಢಾಲು ಹಿಡಿಯುವುದನ್ನು ಕಲಿತರು.

ಇನ್ನೂರರಲ್ಲಿ ಎಂಬತ್ತಮೂರು ಪ್ರತಿ ಅಂಗಡಿಯಲ್ಲಿ ಉಳಿದಿದ್ದವು. ಹೊಸ ನಿಯಮವನ್ನು ಚೀಟಿಗಳಲ್ಲಿ ಅಚ್ಚು ಮಾಡಿ ಅವಷ್ಟಕ್ಕೂ ಅಂಟಿಸಬೇಕಾಯಿತು. ಸರ್ ಅಂಟು ಹಚ್ಚಿದರು, ನಾನು ಪುಟ ತೆರೆದು ಹಿಡಿದೆ, ಶಂಕ್ರಮ್ಮ ಚೀಟಿಯನ್ನು ನೆಟ್ಟಗಿಟ್ಟು 'ಬಾಯಿಯ ಮಾತು' ಎಂಬ ಹಳೆಯ ಸಾಲಿನ ಮೇಲೆ ಹೆಬ್ಬೆರಳಿನಿಂದ ಒತ್ತುತ್ತ ಹೋದರು. ಮಾರಿಹೋದ ಪ್ರತಿಗಳು ಯಾರ ಯಾರ ಬಳಿ ಇವೆ ಎಂದು ಕೇಳಿದರು. ನೆನಪಿದ್ದ ಹೆಸರುಗಳನ್ನು ನಾನು ಹೇಳಿದೆ. ಅವರು ಚೀಟಿ ಹಾಕಿದ ಲಕೋಟೆಗಳ ಮೇಲೆ ಒಂದೊಂದಾಗಿ ವಿಳಾಸ ಬರೆಯತೊಡಗಿದರು.